ಹೀನಿಯನ್ನು ಬ್ರಿಟಿಷ್ ಕವಿ ಅನ್ನಬೇಡಿ, ಅವರೇ ಬೇಡ ಅಂದಿದ್ದರು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇವತ್ತಿನ ಇಂಗ್ಲಿಷ್ ಕಾವ್ಯದ ಬಗ್ಗೆ ಅರ್ಧ ಪುಟದ ಲೇಖನ ಹಾಕಿದ್ದೀರಿ. ಮೊದಲು ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ವರ್ಡ್ಸ್‌ವರ್ತ್, ಶೆಲ್ಲಿ, ಕೀಟ್ಸ್ ಬಿಟ್ಟು ಬೇರೆ ಹೆಸರುಗಳನ್ನು ಕನ್ನಡ ಪತ್ರಿಕೆಯಲ್ಲಿ ನೋಡಿ ಎಷ್ಟು ದಿನವಾಗಿತ್ತೋ. ಆದರೆ ಎರಡನೇ ಪ್ಯಾರಾ ಮುಗಿಯುವಷ್ಟರಲ್ಲಿ ಕೈಯಲ್ಲಿದ್ದ ಕಾಫಿ ಕೆಳಗಿಟ್ಟೆ. 'ಬ್ರಿಟಿಷ್ ಕವಿ ಶೇಮಸ್ ಹೀನಿ' ಅಂತ ಇದೆ. ಅದೂ ಎರಡು ಸಲ. ಫೋಟೋದ ಕೆಳಗೆ ಇನ್ನೊಂದು ಸಲ. ಹೀನಿ ಐರಿಷ್ ಕವಿ.

ಇಷ್ಟು ಸಣ್ಣದಕ್ಕೆಲ್ಲ ಕಾಗದ ಬರೀಬೇಕಾ ಅಂತ ನನ್ನ ಹೆಂಡತಿಯೂ ಕೇಳಿದಳು. ಬೇರೆ ಯಾರನ್ನೋ ಹೀಗೆ ಬರೆದಿದ್ದರೆ ನಾನೂ ಸುಮ್ನಿರುತ್ತಿದ್ದೆ. ಆದರೆ ಹೀನಿಯವರ ವಿಷಯದಲ್ಲಿ ಈ ಜಗಳ ಆಗಲೇ ಒಂದು ಸಲ ಆಗಿಹೋಗಿದೆ. 1982ರಲ್ಲಿ ಪೆಂಗ್ವಿನ್‌ನವರು ಸಮಕಾಲೀನ ಬ್ರಿಟಿಷ್ ಕಾವ್ಯ ಅಂತ ಒಂದು ಸಂಕಲನ ತಂದರು. ಬ್ಲೇಕ್ ಮಾರಿಸನ್, ಆ್ಯಂಡ್ರೂ ಮೋಷನ್ ಅದರ ಸಂಪಾದಕರು. ಮೊದಲ ಸ್ಥಾನವನ್ನೇ ಹೀನಿಗೆ ಕೊಟ್ಟಿದ್ದರು. ಮರ್ಯಾದೆ ಮಾಡಿದೆವು ಅಂದುಕೊಂಡಿರಬೇಕು, ಪಾಪ. ಮರುವರ್ಷ ಹೀನಿ ಅದಕ್ಕೆ ಪದ್ಯದಲ್ಲೇ ಒಂದು ಬಹಿರಂಗ ಪತ್ರ ಬರೆದರು. ನನ್ನ ಪಾಸ್‌ಪೋರ್ಟಿನ ಬಣ್ಣ ಹಸಿರು, ಅಂದರೆ ಐರ್ಲೆಂಡಿನದು ಸ್ವಾಮಿ, ನಮ್ಮ ಕಡೆ ಯಾರೂ ರಾಣಿಯ ಹೆಸರಲ್ಲಿ ಗ್ಲಾಸು ಎತ್ತಿದವರಲ್ಲ ಅನ್ನುವ ಧಾಟಿ ಅದರದು. ಸಿಟ್ಟಿಗಿಂತ ಸಂಕೋಚವೇ ಜಾಸ್ತಿ. ಊಟ ಹಾಕಿದವರ ಮನೆಯ ಬಾಗಿಲಲ್ಲಿ ನಿಂತು, ಊಟ ಚೆನ್ನಾಗಿತ್ತು, ಆದರೆ ನೀವು ಕರೆದ ಹೆಸರು ನನ್ನದಲ್ಲ ಅಂತ ಹೇಳಬೇಕಾದವರ ಕಷ್ಟ ಅದರಲ್ಲಿದೆ. (ಅದೇ ಹೀನಿ 2011ರಲ್ಲಿ ರಾಣಿ ಡಬ್ಲಿನ್‌ಗೆ ಬಂದಾಗ ಔತಣಕ್ಕೆ ಹೋಗಿ ಕೂತಿದ್ದರು. ಕಾಲ ಬದಲಾಗಿತ್ತು. ಆದರೆ ಪತ್ರವನ್ನು ಅವರು ವಾಪಸ್ ತಗೊಳ್ಳಲಿಲ್ಲ.)

ನಿಮ್ಮ ಲೇಖಕರ ಪರವಾಗಿಯೂ ಒಂದು ಮಾತು ಹೇಳಬೇಕು. ಹೀನಿ ಹುಟ್ಟಿದ್ದು 1939ರಲ್ಲಿ, ಉತ್ತರ ಐರ್ಲೆಂಡಿನ ಡೆರಿ ಕೌಂಟಿಯ ಒಂದು ರೈತರ ಮನೆಯಲ್ಲಿ. ಒಂಬತ್ತು ಮಕ್ಕಳಲ್ಲಿ ಮೊದಲನೆಯವರು. ಆ ನೆಲ ಆಗಲೂ ಈಗಲೂ ಬ್ರಿಟನ್ನಿನ ಆಡಳಿತದಲ್ಲೇ ಇದೆ. ಹಾಗಾಗಿ ಸರ್ಕಾರಿ ಲೆಕ್ಕದಲ್ಲಿ ನಿಮ್ಮ ಲೇಖಕರು ಪೂರ್ತಿ ತಪ್ಪಿಲ್ಲ. 1972ರಲ್ಲಿ ಹೀನಿ ಗಡಿ ದಾಟಿ ದಕ್ಷಿಣದ ಸ್ವತಂತ್ರ ಐರ್ಲೆಂಡಿಗೆ ಹೋದರು, ಕೊನೆಯವರೆಗೂ ಅಲ್ಲೇ ಇದ್ದರು. ನನ್ನ ಮಗಳು ಡಬ್ಲಿನ್‌ನಲ್ಲಿ ಕೆಲಸದಲ್ಲಿದ್ದಾಳೆ. ಹೋದ ಸಲ ಅಲ್ಲಿಗೆ ಹೋದಾಗ ಹಟ ಹಿಡಿದು ಹೀನಿಯವರ ಊರು ಬೆಲಾಗಿಗೆ ಕರೆದುಕೊಂಡು ಹೋಗಿಸಿಕೊಂಡೆ. ನನ್ನ ವೀಸಾ ಆ ಕಡೆಗೂ ನಡೆಯುತ್ತದಾ ಅಂತ ಅವಳು ಎರಡೆರಡು ಸಲ ನೋಡಿಕೊಂಡಳು. ಗಡಿ ಯಾವಾಗ ಬಂತು ಅಂತಲೇ ಗೊತ್ತಾಗಲಿಲ್ಲ. ಗೇಟಿಲ್ಲ, ಪೊಲೀಸಿಲ್ಲ. ರಸ್ತೆ ಬದಿಯ ಸ್ಪೀಡ್ ಬೋರ್ಡು ಕಿಲೋಮೀಟರಿನಿಂದ ಮೈಲಿಗೆ ಬದಲಾಯಿತು, ಅಷ್ಟೇ. ಅಷ್ಟಕ್ಕೇ ದೇಶ ಬೇರೆ. ಆ ಊರಲ್ಲಿ ಅವರ ಹೆಸರಿನ ದೊಡ್ಡ ಕೇಂದ್ರವಿದೆ, 2016ರಲ್ಲಿ ಶುರುವಾದದ್ದು. ಹಿಂದೆ ಅಲ್ಲಿ ಪೊಲೀಸ್ ಠಾಣೆ ಇತ್ತಂತೆ, ಬ್ರಿಟನ್ ಬೇಕು ಬೇಡ ಅನ್ನುವವರ ನಡುವಿನ ಗಲಭೆಯ ಕಾಲದ ಭದ್ರ ಕೋಟೆಯಂಥ ಠಾಣೆ. ಈಗ ಅದೇ ಜಾಗದಲ್ಲಿ ಶಾಲೆ ಮಕ್ಕಳು ಪದ್ಯ ಓದುತ್ತಾರೆ.

ಹೀನಿಯವರ ಪದ್ಯ ಕಷ್ಟ, ಪಂಡಿತರಿಗೆ ಮಾತ್ರ ಅನ್ನುವ ಮಾತೂ ಲೇಖನದಲ್ಲಿದೆ. ಇದು ನನಗೆ ಮೊದಲಿನ ತಪ್ಪಿಗಿಂತ ಜಾಸ್ತಿ ಚುಚ್ಚಿತು. ನಾನು ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವನು. ಸಿಲೆಬಸ್ಸಿನಲ್ಲಿ ಇಲ್ಲದಿದ್ದರೂ ಅವರ ಒಂದು ಪದ್ಯವನ್ನು ಪ್ರತಿವರ್ಷ ಓದುತ್ತಿದ್ದೆ. ಹಾಸ್ಟೆಲಿನಲ್ಲಿರುವ ಹುಡುಗನಿಗೆ ಮನೆಯಿಂದ ಕರೆ ಬರುತ್ತದೆ. ಪಕ್ಕದ ಮನೆಯವರು ಕಾರಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಎಂಥ ಸಾವಿಗೂ ಅಳದ ಅಪ್ಪ ಬಾಗಿಲಲ್ಲಿ ಅಳುತ್ತಿದ್ದಾನೆ. ವಯಸ್ಸಾದ ಗಂಡಸರು ಈ ಹುಡುಗನಿಗಾಗಿ ಎದ್ದು ನಿಂತು ಕೈ ಕುಲುಕುತ್ತಾರೆ, ಅವನಿಗೆ ಅದೇ ಮುಜುಗರ. ಏನೂ ತಿಳಿಯದ ಕೂಸು ಗಾಡಿಯಲ್ಲಿ ನಗುತ್ತಿದೆ. ಕಾರು ಬಡಿದು ತೀರಿಹೋದ ತಮ್ಮನಿಗೆ ನಾಲ್ಕು ವರ್ಷ. ಪೆಟ್ಟಿಗೆ ನಾಲ್ಕು ಅಡಿ, ವರ್ಷಕ್ಕೆ ಒಂದು ಅಡಿ. ಅಲ್ಲಿಗೆ ಪದ್ಯ ಮುಗಿಯುತ್ತದೆ. ಹೀನಿಯವರ ತಮ್ಮ 1953ರಲ್ಲಿ ನಿಜವಾಗಿ ಹೋದದ್ದೇ ಹೀಗೆ. ಹಿಂದಿನ ಬೆಂಚಿನ, ಇಂಗ್ಲಿಷ್ ಅಂದರೆ ಹೆದರುವ ಹುಡುಗರು ಕೂಡ ಆ ಕೊನೆ ಸಾಲಿಗೆ ತಲೆ ತಗ್ಗಿಸುತ್ತಿದ್ದರು. ಇದು ಪಂಡಿತರ ಪದ್ಯವಾ?

ಅಪ್ಪ ಆಲೂಗಡ್ಡೆ ಅಗೆಯುತ್ತಿದ್ದರು, ಅಜ್ಜ ಜೌಗು ನೆಲದಲ್ಲಿ ಉರುವಲಿನ ಮಣ್ಣುಗಟ್ಟಿ ಕೊಯ್ಯುತ್ತಿದ್ದರು, ನನ್ನ ಕೈಯಲ್ಲಿ ಸಲಿಕೆ ಇಲ್ಲ, ಪೆನ್ನಿದೆ, ಇದರಲ್ಲೇ ಅಗೆಯುತ್ತೇನೆ ಅಂದದ್ದು ಅವರ 1966ರ ಮೊದಲ ಸಂಕಲನದ ಮೊದಲ ಪದ್ಯ. ಅಮ್ಮ ತೀರಿಕೊಂಡ ಮೇಲೆ ಬರೆದ ಸುನೀತಗಳಲ್ಲಿ ಒಂದಿದೆ. ಉಳಿದವರೆಲ್ಲ ಚರ್ಚಿಗೆ ಹೋಗಿದ್ದಾರೆ, ಮನೆಯಲ್ಲಿ ತಾಯಿ ಮಗ ಇಬ್ಬರೇ ಕೂತು ಆಲೂಗಡ್ಡೆ ಸಿಪ್ಪೆ ಸುಲಿಯುತ್ತಾರೆ, ಮಾತಿಲ್ಲ. ಎಷ್ಟೋ ವರ್ಷದ ಮೇಲೆ ಅಮ್ಮನ ಕೊನೆಗಳಿಗೆಯಲ್ಲಿ ಪಾದ್ರಿ ಪ್ರಾರ್ಥನೆ ಹೇಳುತ್ತಿದ್ದರೆ ಮಗನಿಗೆ ನೆನಪಾಗುವುದು ಆ ಬೆಳಿಗ್ಗೆ, ಬಕೆಟ್ಟಿನ ನೀರು, ತನ್ನ ಕಡೆ ಬಾಗಿದ್ದ ಅವಳ ತಲೆ. 2015ರಲ್ಲಿ ಐರ್ಲೆಂಡಿನ ಟೀವಿಯವರು ಕಳೆದ ನೂರು ವರ್ಷದಲ್ಲಿ ನಿಮಗೆ ಅತಿ ಇಷ್ಟದ ಪದ್ಯ ಯಾವುದು ಅಂತ ಜನರನ್ನೇ ಕೇಳಿದಾಗ ಗೆದ್ದದ್ದು ಇದು. ಅಲ್ಲಿನ ಹಿರಿಯ ಕವಿ ಯೇಟ್ಸ್ ಅಲ್ಲ. ಆಲೂಗಡ್ಡೆ.

ಈಗ ವಿಷಯಕ್ಕೆ ಬರುತ್ತೇನೆ. ಲೇಖನದ ಕವಿಗಳನ್ನೆಲ್ಲ 'ಇಂಗ್ಲಿಷ್ ಕವಿಗಳು' ಅಂತ ಒಂದೇ ಚೀಲಕ್ಕೆ ತುಂಬಿದರೆ ಏನು ಕಳೆದುಹೋಗುತ್ತದೆ ಗೊತ್ತಾ? ಇವರ ಅರ್ಧಕ್ಕರ್ಧ ಪದ್ಯಗಳು ಹುಟ್ಟಿದ್ದೇ ಈ ಇಂಗ್ಲಿಷ್ ಯಾರದ್ದು ಅನ್ನುವ ತಕರಾರಿನಿಂದ. ಲೇಖನದಲ್ಲಿ ನೂಲಾ ನೀ ಗೋನಲ್ ಅವರ ಹೆಸರನ್ನೂ ಸೇರಿಸಿದ್ದೀರಿ. ಆಯಮ್ಮ ಇಂಗ್ಲಿಷಿನಲ್ಲಿ ಪದ್ಯವನ್ನೇ ಬರೆಯುವುದಿಲ್ಲ ಸ್ವಾಮಿ! ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಬೆಳೆದದ್ದು ಐರ್ಲೆಂಡಿನ ಕೆರಿ ಸೀಮೆಯಲ್ಲಿ, ಬರೆಯುವುದು ಐರಿಷ್ ಭಾಷೆಯಲ್ಲಿ ಮಾತ್ರ. ಹೀನಿ, ಮುಲ್ಡೂನ್ ಥರದ ಐರಿಷ್ ಕವಿಗಳು ಅದನ್ನು ಇಂಗ್ಲಿಷಿಗೆ ತಂದರು. 2022ರ ಅಲ್ಲಿನ ಜನಗಣತಿಯ ಪ್ರಕಾರ ಶಾಲೆಯ ಹೊರಗೆ ದಿನಾ ಐರಿಷ್ ಮಾತಾಡುವವರು 72 ಸಾವಿರದಷ್ಟು ಜನ. ನಮ್ಮ ಒಂದು ಸಣ್ಣ ತಾಲ್ಲೂಕಿನ ಜನಸಂಖ್ಯೆ ಅದು. ಇಂಥ ಭಾಷೆಯಲ್ಲಿ ಯಾಕೆ ಬರೀತೀರಿ ಅಂದವರಿಗೆ ಉತ್ತರದ ಹಾಗೆ ಅವರದೊಂದು ಪದ್ಯವಿದೆ. ನನ್ನ ಆಸೆಯನ್ನು ಭಾಷೆಯೆಂಬ ಪುಟ್ಟ ದೋಣಿಯಲ್ಲಿ ಇಟ್ಟು ನೀರಿಗೆ ಬಿಡುತ್ತೇನೆ, ಕೂಸನ್ನು ಬುಟ್ಟಿಯಲ್ಲಿ ಮಲಗಿಸಿ, ತಳಕ್ಕೆ ಅಂಟು ಬಳಿದು ಬಿಟ್ಟ ಹಾಗೆ, ಅದು ಎಲ್ಲಿ ದಡ ಸೇರುತ್ತದೋ, ಯಾವ ರಾಜಕುಮಾರಿಯ ಮಡಿಲಿಗೆ ಬೀಳುತ್ತದೋ. ಅವರು ಹೇಳುತ್ತಿರುವುದು ಬೈಬಲಿನ ಮೋಸೆಸ್ ಕಥೆ. ನನಗೆ ಮಾತ್ರ ಕುಂತಿ ಪೆಟ್ಟಿಗೆಯಲ್ಲಿ ತೇಲಿಬಿಟ್ಟ ಕರ್ಣನೇ ಕಣ್ಣಿಗೆ ಬಂದ. ಬೆಂಗಳೂರಿನಲ್ಲಿ ಮೊಮ್ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ ಅಂತ ಕೊರಗುವ ಯಾರಾದರೂ ಆ ಪದ್ಯವನ್ನು ಒಂದು ಸಲ ಓದಬೇಕು. (ಮುಲ್ಡೂನ್ ಅವರ ಆ ಅನುವಾದ ಬಹಳ ಚೆನ್ನಾಗಿದೆ. ಅವರ ಸ್ವಂತ ಪದ್ಯಗಳು ಮಾತ್ರ ನನಗೆ ಕಡೆಗೂ ಒಗ್ಗಲಿಲ್ಲ. ಬುದ್ಧಿವಂತಿಕೆ ಒಂದು ಮುಷ್ಟಿ ಜಾಸ್ತಿ.)

ಐರ್ಲೆಂಡಿನವರಿಗೆ ಮಾತ್ರ ಈ ತಕರಾರು ಅಂದುಕೊಳ್ಳಬೇಡಿ. ಟೋನಿ ಹ್ಯಾರಿಸನ್ ಅಪ್ಪಟ ಇಂಗ್ಲೆಂಡಿನವರು, ಲೀಡ್ಸ್ ಊರು, 1937ರಲ್ಲಿ ಹುಟ್ಟಿದವರು, ಅಪ್ಪ ಬೇಕರಿಯಲ್ಲಿ ಕೆಲಸಕ್ಕಿದ್ದವರು. ಸ್ಕಾಲರ್‌ಶಿಪ್ ಸಿಕ್ಕಿ ದೊಡ್ಡ ಶಾಲೆಗೆ ಹೋದರು. ಅಲ್ಲಿ ಕೀಟ್ಸ್ ಪದ್ಯ ಗಟ್ಟಿಯಾಗಿ ಓದಲು ಎದ್ದು ನಿಂತರೆ ನಾಲ್ಕು ಪದಕ್ಕೇ ಮೇಷ್ಟ್ರು ನಿಲ್ಲಿಸಿದರು. ಯಾಕೆ? 'ಹಾರ್ಟ್' ಅನ್ನಬೇಕಾದಲ್ಲಿ ಹುಡುಗ 'ಆರ್ಟ್' ಅಂದ. ಅವನ ಬೀದಿಯಲ್ಲಿ ಎಲ್ಲರೂ ಅನ್ನುವುದೇ ಹಾಗೆ. ಪದ್ಯ ಅಂದರೆ ರಾಜರ ಮಾತು, ನಿನಗೆ ನಾಟಕದಲ್ಲಿ ಕುಡುಕ ಕಾವಲುಗಾರನ ಪಾತ್ರ ಸಾಕು ಅಂದರಂತೆ. ಹಳೇ ಮೈಸೂರಿನ ಕಡೆ ಹಾಲಿಗೆ ಆಲು, ಹಾವಿಗೆ ಆವು ಅಂದ ಹುಡುಗರನ್ನು ಕ್ಲಾಸಿನ ಎದುರು ನಿಲ್ಲಿಸಿ ನಗಿಸಿದ ಮೇಷ್ಟ್ರುಗಳನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ನಾನೂ ಮಾಡಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಅದೇ ಹ, ಅದೇ ಅ. ಹ್ಯಾರಿಸನ್ ದೊಡ್ಡವರಾದ ಮೇಲೆ ಹಳೇ ಗ್ರೀಕ್ ನಾಟಕಗಳನ್ನು ಅನುವಾದಿಸುವಷ್ಟು ಓದಿದರು, ಆದರೆ ಆ ಮೇಷ್ಟ್ರನ್ನು ಪದ್ಯದಲ್ಲಿ ಕೂರಿಸಿ ಸಮಾ ಝಾಡಿಸಿದರು. ವರ್ಡ್ಸ್‌ವರ್ತ್‌ನ ಪ್ರಾಸ ಕೂಡ ಅವನ ಊರಿನ ಉಚ್ಚಾರಣೆಯಲ್ಲಿ ಓದಿದರೆ ಮಾತ್ರ ಪೂರ್ತಿ ಕೂಡುತ್ತದೆ ಅಂತ ಅದರಲ್ಲೇ ತೋರಿಸಿಕೊಟ್ಟರು. ಇದು ನನಗೆ ಮೂವತ್ತು ವರ್ಷ ಪಾಠ ಮಾಡಿದರೂ ಹೊಳೆದಿರಲಿಲ್ಲ.

ಹ್ಯಾರಿಸನ್ ಹೆಸರು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಅವರ ಇನ್ನೊಂದು ಪದ್ಯ ಹೇಳಿಬಿಡುತ್ತೇನೆ, ಆಮೇಲೆ ಬೇಕಾದರೆ ಈ ಕಾಗದ ಕಸದ ಬುಟ್ಟಿಗೆ ಹಾಕಿ. ಅಮ್ಮ ಹೋಗಿ ಎರಡು ವರ್ಷವಾಗಿದೆ. ಅಪ್ಪ ಇನ್ನೂ ಅವಳ ಚಪ್ಪಲಿಯನ್ನು ಒಲೆಯ ಪಕ್ಕ ಬೆಚ್ಚಗಿಡುತ್ತಾನೆ. ಹಾಸಿಗೆಯಲ್ಲಿ ಅವಳ ಕಡೆ ಬಿಸಿನೀರಿನ ಚೀಲ ಇಡುತ್ತಾನೆ. ಅವಳ ಬಸ್ ಪಾಸ್ ರಿನ್ಯೂ ಮಾಡಿಸಲು ಹೋಗುತ್ತಾನೆ! ಮಗ ಹೇಳದೆ ಕೇಳದೆ ಮನೆಗೆ ಬರುವ ಹಾಗಿಲ್ಲ, ಮೊದಲು ಫೋನ್ ಮಾಡಬೇಕು, ಒಂದು ಗಂಟೆ ಸಮಯ ಕೊಡಬೇಕು, ಅಷ್ಟರಲ್ಲಿ ಅಪ್ಪ ಅವಳ ಸಾಮಾನನ್ನೆಲ್ಲ ಎತ್ತಿಟ್ಟು ಒಬ್ಬನೇ ಇದ್ದವನ ಹಾಗೆ ಕೂರುತ್ತಾನೆ. ಸತ್ತ ಮೇಲೆ ಏನೂ ಇಲ್ಲ, ನೀವಿಬ್ಬರೂ ಅಂಗಡಿಗೆ ಹೋಗಿಲ್ಲ ಅಂತ ಮಗನಿಗೆ ಚೆನ್ನಾಗಿ ಗೊತ್ತು. ಆಮೇಲೆ ಅಪ್ಪನೂ ಹೋಗುತ್ತಾನೆ. ಮಗ ಹೊಸ ಫೋನ್ ಪುಸ್ತಕ ತರುತ್ತಾನೆ, ಅದರಲ್ಲಿ ಅಪ್ಪನ ಹೆಸರು ಬರೆಯುತ್ತಾನೆ, ಕನೆಕ್ಷನ್ ತೆಗೆದುಹಾಕಿದ ಆ ನಂಬರಿಗೆ ಈಗಲೂ ಫೋನ್ ಮಾಡುತ್ತಾನೆ. ನನ್ನ ಮೊಬೈಲಿನಲ್ಲೂ 'ಅಮ್ಮ ಮನೆ' ಅಂತ ಒಂದು ನಂಬರಿದೆ. ಅದು ಈಗ ಯಾರ ಹತ್ತಿರ ಇದೆಯೋ. ಅಳಿಸಿಲ್ಲ.

ವಲಸೆ ಬಂದವರ ಮನೆಗಳಿಂದ ಬಂದ ಕವಿಗಳ ಬಗ್ಗೆ ಲೇಖನದಲ್ಲಿ ಒಂದೇ ಸಾಲಿದೆ. ಅದೂ 'ಇತರರು' ಅಂತ. ದಲ್ಜಿತ್ ನಾಗ್ರಾ ಇತರರಾ? 1966ರಲ್ಲಿ ಲಂಡನ್ ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಪಂಜಾಬಿ ಅಪ್ಪ ಅಮ್ಮನಿಗೆ ಹುಟ್ಟಿದವರು. ಅಪ್ಪ ವಹಿಸಿದ ಅಂಗಡಿಗೆ ಬೀಗ ಜಡಿದು ಮಹಡಿ ಮೇಲಿನ ಹೊಸ ಹೆಂಡತಿಯ ಹತ್ತಿರ ಓಡುವ ಸಿಂಗ್ ಹುಡುಗನ ಪದ್ಯ ಅಲ್ಲಿನ ಹೈಸ್ಕೂಲಿನಲ್ಲಿ ಪಾಠವಾಗಿದೆ. ಇಂಗ್ಲಿಷಿನ ಮೇಲೆ ಪಂಜಾಬಿ ಒಗ್ಗರಣೆ. ಕೆಲವು ಕಡೆ ತಮಾಷೆ ಅತಿಯಾಯಿತು ಅನ್ನಿಸುತ್ತದೆ, ಅದು ಬೇರೆ ಮಾತು. 2013ರಲ್ಲಿ ಅವರು ರಾಮಾಯಣವನ್ನೂ ತಮ್ಮ ಅದೇ ಇಂಗ್ಲಿಷಿನಲ್ಲಿ ಹೇಳಿದರು. ಇಮ್ತಿಯಾಜ್ ಧಾರ್ಕರ್ ಲಾಹೋರಿನಲ್ಲಿ ಹುಟ್ಟಿ ಗ್ಲಾಸ್ಗೋದಲ್ಲಿ ಬೆಳೆದು ಮುಂಬೈಯಲ್ಲೂ ಬಾಳಿದವರು. ಕೊಳೆಗೇರಿಯ ಪೈಪ್ ಒಡೆದು ನೀರು ಚಿಮ್ಮುವ, ಜನ ಬಿಂದಿಗೆ, ಪಾತ್ರೆ, ಬಕೆಟ್ಟು, ಕೊನೆಗೆ ಬೊಗಸೆ ಹಿಡಿದು ಓಡುವ ಪದ್ಯ ಅವರದು. ವರ್ಷವಿಡೀ ಮಳೆ ನೋಡುವ ಇಂಗ್ಲೆಂಡಿನ ಮಕ್ಕಳಿಗೆ ಅದನ್ನು ಹೇಗೆ ಪಾಠ ಮಾಡುತ್ತಾರೋ. ಟ್ಯಾಂಕರ್ ಕಾಯುವ ನಮ್ಮ ಮಕ್ಕಳಿಗೆ ಅರ್ಥ ಹೇಳುವುದೇ ಬೇಕಾಗಿಲ್ಲ.

ಕ್ಯಾರಲ್ ಆ್ಯನ್ ಡಫಿ ಬಗ್ಗೆ ನೀವು ಚೆನ್ನಾಗಿಯೇ ಬರೆದಿದ್ದೀರಿ. 2009ರಲ್ಲಿ ಆಸ್ಥಾನ ಕವಿಯಾದರು, 1668ರಲ್ಲಿ ಡ್ರೈಡನ್‌ನಿಂದ ಶುರುವಾದ ಪೀಠಕ್ಕೆ ಮೊದಲ ಹೆಂಗಸು. ಪ್ರೇಮಿಗೆ ಗುಲಾಬಿ ಬೇಡ, ಈರುಳ್ಳಿ ಕೊಡುತ್ತೇನೆ ಅಂದವರು. ಮುಟ್ಟಿದ್ದೆಲ್ಲ ಚಿನ್ನವಾಗುವ ಮೈಡಾಸ್‌ನ ಹೆಂಡತಿಗೆ ಏನಾಗಿರಬೇಕು ಅಂತ ಕೇಳಿದವರು. ಊರ್ಮಿಳೆಯ ಕಷ್ಟ ಕೇಳಿ ಗೊತ್ತಿರುವ ನಮಗೆ ಆ ಪ್ರಶ್ನೆ ಹೊಸದಲ್ಲ, ಆದರೆ ಅವರ ಹಾಗೆ ನಗಿಸಿ ಕೇಳುವವರು ಕಡಿಮೆ. ನಗು ಅಂದಾಗ ವೆಂಡಿ ಕೋಪ್ ನೆನಪಾದರು. ಗಂಡಸರು ಬಸ್ಸಿನ ಥರ, ವರ್ಷಗಟ್ಟಲೆ ಕಾದರೂ ಒಂದೂ ಬರುವುದಿಲ್ಲ, ಬಂದರೆ ಎರಡು ಮೂರು ಒಟ್ಟಿಗೇ ಬರುತ್ತವೆ ಅಂತ ಬರೆದರು. ಮೆಜೆಸ್ಟಿಕ್‌ನಲ್ಲಿ ನಿಂತವರಿಗೆ ವಿವರಣೆ ಬೇಡ. ಈಗಿನ ಆಸ್ಥಾನ ಕವಿ ಸೈಮನ್ ಆರ್ಮಿಟೇಜ್ ಹಿಂದೆ ಅಪರಾಧಿಗಳ ಪ್ರೊಬೇಷನ್ ಅಧಿಕಾರಿಯಾಗಿದ್ದವರು. 2010ರಲ್ಲಿ ಕೈಯಲ್ಲಿ ಕಾಸಿಲ್ಲದೆ ಬೆಟ್ಟದ ದಾರಿಯಲ್ಲಿ ಊರೂರು ನಡೆದು, ಸಂಜೆ ಪದ್ಯ ಓದಿ, ಜನ ಕೊಟ್ಟಷ್ಟರಲ್ಲಿ ಊಟ ಮಾಡಿ ಮುಂದೆ ಹೋದರು. ನಮ್ಮ ದಾಸರನ್ನು ಅವರಿಗೆ ಯಾರಾದರೂ ಪರಿಚಯ ಮಾಡಿಸಬೇಕು.

ಐರಿಷ್ ಕವಯಿತ್ರಿ ಈವಾನ್ ಬೋಲಂಡ್ ಅವರನ್ನು ಬಿಟ್ಟದ್ದು ಮಾತ್ರ ನನಗೆ ಸರಿ ಕಾಣಲಿಲ್ಲ. 2020ರಲ್ಲಿ ತೀರಿಕೊಂಡರು. ಐರಿಷ್ ಪದ್ಯಗಳಲ್ಲಿ ಹೆಣ್ಣು ಅಂದರೆ ದೇಶಮಾತೆ, ಇಲ್ಲವೇ ಕನಸಿನ ಚೆಲುವೆ. ಡಬ್ಲಿನ್ನಿನ ಹೊರವಲಯದ ಮನೆಯಲ್ಲಿ ಮಗುವಿಗೆ ಹಾಲು ಕುಡಿಸುತ್ತಿರುವ ನಾನೆಲ್ಲಿ ಅಂತ ಕೇಳಿದವರು ಇವರು. ಅವರದೊಂದು ಪದ್ಯ 1847ರ ಬರಗಾಲದ್ದು. ಆಲೂಗಡ್ಡೆಗೆ ರೋಗ ಬಿದ್ದು ಹತ್ತು ಲಕ್ಷದಷ್ಟು ಜನ ಸತ್ತ ಕಾಲ. ಗಂಡ ಹೆಂಡತಿ, ಬಡವರನ್ನು ದುಡಿಸಿ ಅನ್ನ ಹಾಕುವ ವರ್ಕ್‌ಹೌಸಿನಿಂದ ಹೊರಟು ನಡೆಯುತ್ತಾರೆ. ಅವಳಿಗೆ ಜ್ವರ, ನಡೆಯಲಾಗದೆ ಅವನು ಹೊತ್ತುಕೊಳ್ಳುತ್ತಾನೆ. ಬೆಳಿಗ್ಗೆ ನೋಡಿದರೆ ಇಬ್ಬರೂ ಹೆಣ. ಅವಳ ಪಾದಗಳು ಅವನ ಎದೆಗೆ ಒತ್ತಿಕೊಂಡಿದ್ದವು, ಕೊನೇ ಬಿಸುಪನ್ನು ಅವಳಿಗೆ ಕೊಡಲು. ಇದಾದ ಮೇಲೆ ಚಂದಿರ ತಾವರೆ ಅಂತ ಪ್ರೇಮದ ಪದ್ಯ ಬರೆಯಬೇಡಿ ಅಂತ ಆ ಪದ್ಯವೇ ಬೈದ ಹಾಗಿದೆ.

ಕೊನೆಯದಾಗಿ, ನಿಮಗೆ, ಅಂದರೆ ಪತ್ರಿಕೆಯವರಿಗೆ ಸಂಬಂಧಿಸಿದ್ದು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಊರಿನ ಕವಿ ಮೈಕೇಲ್ ಲಾಂಗ್ಲಿ 2025ರ ಜನವರಿಯಲ್ಲಿ ತೀರಿಕೊಂಡರು. ನಮ್ಮ ಪತ್ರಿಕೆಗಳಲ್ಲಿ ನಾಲ್ಕು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಅವರ ಮನೆಯ ಹತ್ತಿರದ ರಸ್ತೆಯಲ್ಲಿ ಒಂದು ಐಸ್‌ಕ್ರೀಂ ಅಂಗಡಿ ಇತ್ತು. ಅಲ್ಲಿ ಕೌಂಟರಿನಲ್ಲಿದ್ದವನನ್ನು ಐಆರ್‌ಎಯವರು, ಅಂದರೆ ಬ್ರಿಟಿಷ್ ಆಡಳಿತ ಬೇಡ ಅಂತ ಬಂದೂಕು ಹಿಡಿದಿದ್ದ ಗುಂಪಿನವರು, ಗುಂಡಿಟ್ಟು ಕೊಂದರು. ಲಾಂಗ್ಲಿಯವರ ಪುಟ್ಟ ಮಗಳು ತನ್ನ ಕಾಸಿನಲ್ಲಿ ಹೂವು ತಂದು ಅಂಗಡಿ ಮುಂದೆ ಇಟ್ಟಳು. ಪದ್ಯದಲ್ಲಿ ಲಾಂಗ್ಲಿ ಸಿಟ್ಟಾಗುವುದಿಲ್ಲ, ಭಾಷಣ ಮಾಡುವುದಿಲ್ಲ. ಮಗಳು ಐಸ್‌ಕ್ರೀಂ ಹೆಸರುಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದ ಹಾಗೆ ತಾನು ನೋಡಿದ ಕಾಡುಹೂಗಳ ಹೆಸರನ್ನು ಒಂದೊಂದಾಗಿ ಹೇಳುತ್ತಾರೆ, ಅಷ್ಟೇ. ಮುಂದೆ ಆ ಸತ್ತವನ ತಾಯಿ ಅವರಿಗೆ ಕಾಗದ ಬರೆದರು. ಸಹಿ ಇರುವ ಜಾಗದಲ್ಲಿ 'ಐಸ್‌ಕ್ರೀಂ ಮಾರುವವನ ತಾಯಿ' ಅಂತ ಬರೆದಿದ್ದರಂತೆ.

1994ರ ಆಗಸ್ಟಿನಲ್ಲಿ ಐಆರ್‌ಎ ಕದನವಿರಾಮ ಹೇಳಬಹುದು ಅನ್ನುವ ಸುದ್ದಿ ಇದ್ದಾಗ ಲಾಂಗ್ಲಿ ಹೋಮರನ ಇಲಿಯಡ್ ಓದುತ್ತಿದ್ದರು. ಅದರ ಒಂದು ಸನ್ನಿವೇಶವನ್ನೇ ಪದ್ಯ ಮಾಡಿದರು. ಮಗನ ಹೆಣ ಕೇಳಲು ಶತ್ರುವಿನ ಡೇರೆಗೆ ಬಂದ ಮುದುಕ ರಾಜ ಪ್ರಿಯಾಮ್, ಅವನನ್ನು ನೋಡಿ ತನ್ನ ಅಪ್ಪನನ್ನು ನೆನೆದು ಅತ್ತ ಅಕಿಲೀಸ್. ಹೆಣವನ್ನು ತೊಳೆಸಿ ಕೊಡುತ್ತಾನೆ, ಇಬ್ಬರೂ ಒಟ್ಟಿಗೆ ಉಣ್ಣುತ್ತಾರೆ. ಕೊನೇ ಎರಡು ಸಾಲಿನಲ್ಲಿ ಮುದುಕ ಮೊಣಕಾಲೂರಿ, ಮಗನನ್ನು ಕೊಂದ ಕೈಗೆ ಮುತ್ತಿಡುತ್ತಾನೆ. ನಮ್ಮ ಧೃತರಾಷ್ಟ್ರ ಭೀಮನನ್ನು ಅಪ್ಪಿಕೊಳ್ಳಲು ಕರೆದದ್ದು ನೆನಪಿದೆಯಲ್ಲ? ಕೃಷ್ಣ ಕಬ್ಬಿಣದ ಗೊಂಬೆ ಮುಂದೆ ತಳ್ಳಿದ್ದಕ್ಕೆ ಭೀಮ ಉಳಿದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮೈ ಜುಮ್ಮೆನ್ನುತ್ತದೆ. ಲಾಂಗ್ಲಿ ಆ ಪದ್ಯವನ್ನು ಐರಿಷ್ ಟೈಮ್ಸ್ ಪತ್ರಿಕೆಗೆ ಕಳಿಸಿದರು. ಆಗಸ್ಟ್ 31ರಂದು ಕದನವಿರಾಮ ಘೋಷಣೆಯಾಯಿತು. ಸೆಪ್ಟೆಂಬರ್ 3ರ ಶನಿವಾರದ ಪತ್ರಿಕೆಯಲ್ಲಿ ಪದ್ಯ ಅಚ್ಚಾಯಿತು. ಮೂವತ್ತು ವರ್ಷದಲ್ಲಿ ಮೂರೂವರೆ ಸಾವಿರ ಜನರನ್ನು ಕಳೆದುಕೊಂಡ ಜನ ಅದನ್ನು ಬೆಳಗಿನ ಚಹಾದ ಜೊತೆ ಓದಿದರು. ಎಲ್ಲರೂ ಮೆಚ್ಚಲಿಲ್ಲ, ನಾವಿನ್ನೂ ಆ ಕೈಗೆ ಮುತ್ತಿಡಲು ತಯಾರಿಲ್ಲ ಅನ್ನುವವರು ಇದ್ದೇ ಇದ್ದರು. ಇಂಗ್ಲೆಂಡಿನಲ್ಲಿ ಗಾರ್ಡಿಯನ್ ಪತ್ರಿಕೆಯೂ ಹಾಗೇ 1991ರಲ್ಲಿ ಕೊಲ್ಲಿ ಯುದ್ಧದ ಬಗ್ಗೆ ಹ್ಯಾರಿಸನ್ ಪದ್ಯ ಹಾಕಿತು, 1995ರಲ್ಲಿ ಅವರನ್ನು ಬೋಸ್ನಿಯಾಕ್ಕೇ ಕಳಿಸಿ ಅಲ್ಲಿಂದ ಪದ್ಯ ಬರೆಸಿತು.

ನನ್ನ ಕೋರಿಕೆ ಎರಡು. ಮುಂದಿನ ಭಾನುವಾರ ಹೀನಿಯವರ ವಿಷಯದಲ್ಲಿ ಒಂದು ಸಾಲಿನ ತಿದ್ದುಪಡಿ ಹಾಕಿ. ಮತ್ತೆ ಬಿ.ಎಂ.ಶ್ರೀಯವರು 1926ರಲ್ಲಿ ಇಂಗ್ಲಿಷ್ ಗೀತಗಳನ್ನು ಕೊಟ್ಟು ನೂರು ವರ್ಷದ ಲೆಕ್ಕ ಬಂತು. ಕವಿಗಳ ಹೆಸರಿನ ಪಟ್ಟಿಗಿಂತ ಅವರ ಒಂದು ಪದ್ಯದ ಅನುವಾದ ಹಾಕಿದರೆ ಓದುಗರಿಗೆ ಜಾಸ್ತಿ ಸಿಗುತ್ತದೆ. ಲಾಂಗ್ಲಿಯವರ ಆ ಪದ್ಯವನ್ನು ನಾನು ಕನ್ನಡಕ್ಕೆ ತರಲು ಕೂತಿದ್ದೇನೆ. ಕೊನೇ ಎರಡು ಸಾಲು ಇನ್ನೂ ಸರಿ ಕೂತಿಲ್ಲ, ಪ್ರಾಸ ಇಟ್ಟರೆ ಮುದುಕ ರಾಜ ಯಕ್ಷಗಾನದ ವೇಷದ ಹಾಗಾಗುತ್ತಾನೆ, ಬಿಟ್ಟರೆ ಸಪ್ಪೆ. ಅದರ ಮೂಲ ಹಕ್ಕಿನವರ ಅನುಮತಿಯನ್ನು ನೀವು ಕೇಳುವುದಾದರೆ ಕಳಿಸುತ್ತೇನೆ. ಬರೀ ಹದಿನಾಲ್ಕು ಸಾಲು. ನಿಮ್ಮ ಒಂದು ಕಾಲಮ್ಮಿನ ಕಾಲು ಭಾಗ ಸಾಕು.

ಇಂತಿ,
ನಿಮ್ಮ ಹಳೇ ಓದುಗ,
ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಸಾಗರ